ಮುಗಿಯುವ ತಾರೀಖು

ಹೊಸ ಕಂಪ್ಯೂಟರು ಬಂದಾಗಿನಿಂದ ಎಲ್ಲವೂ ಸುಲಭವಾಗಿದೆ ಎಂದು ಆಸ್ಪತ್ರೆಯ ಗೋಡೆಯ ಮೇಲೆ ಬರೆದಿತ್ತು. ದರ್ಜಿಯ ಹೆಂಡತಿ ಅದೇ ಗೋಡೆಗೆ ಬೆನ್ನು ಕೊಟ್ಟು ಮೂರು ಗಂಟೆ ಹೊತ್ತಿನಿಂದ ನಿಂತಿದ್ದಳು. ದೇಶಕ್ಕೆಲ್ಲ ಒಂದೇ ಯೋಜನೆ, ಡಯಾಲಿಸಿಸ್ ಪುಕ್ಕಟೆ, ಅದೇನೋ ನಿಜ. ಆದರೆ ಹಳೆಯ ಚೀಟಿಗಳೆಲ್ಲ ರದ್ದಾಗಿದ್ದವು, ಹೊಸದಾಗಿ ಹೆಸರು ಹತ್ತುವವರೆಗೆ ಯಾರನ್ನೂ ಮಿಷನ್ನಿಗೆ ಹಾಕುವಂತಿರಲಿಲ್ಲ. ವಾರಕ್ಕೆ ಮೂರು ಸಲ ರಕ್ತ ಶುದ್ಧ ಮಾಡಿಸಬೇಕಾದ ಅವಳ ಗಂಡನಿಗೆ ಆಗಲೇ ಎರಡು ಸಲ ತಪ್ಪಿತ್ತು. ಬೆಂಚಿನ ಮೇಲೆ ಕೂತು ಉಸಿರು ಎಳೆದೆಳೆದು ಬಿಡುತ್ತಿದ್ದ. ಪಾದ ಊದಿ ಚಪ್ಪಲಿಗೆ ಹಿಡಿಸದೆ, ಚಪ್ಪಲಿಗಳು ಇವಳ ಚೀಲ ಸೇರಿದ್ದವು. ಇವತ್ತೂ ತಪ್ಪಿದರೆ ಜೀವದ ಮಾತು ಹೇಳಲಾರೆ ಎಂದು ಡಾಕ್ಟರು ಬಾಯಿಬಿಟ್ಟೇ ಹೇಳಿದ್ದರು.

ಕೌಂಟರಿನ ಹುಡುಗಿ ಕಂಪ್ಯೂಟರಿನ ಒಂದೇ ಒಂದು ಖಾನೆಯಲ್ಲಿ ಸಿಕ್ಕಿಬಿದ್ದಿದ್ದಳು.

"ಚಿಕಿತ್ಸೆ ಯಾವಾಗ ಮುಗಿಯುತ್ತಮ್ಮ?"

"ಮುಗಿಯೋದಾ?"

"ಮುಗಿಯೋ ತಾರೀಖು ಕೇಳ್ತಿದೆ. ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ."

ದರ್ಜಿಯ ಹೆಂಡತಿ ಎರಡನೇ ಮಹಡಿ ಹತ್ತಿ ಡಾಕ್ಟರನ್ನು ಕೇಳಿದಳು. "ಇದಕ್ಕೆ ಮುಗಿಯೋದು ಅಂತ ಇಲ್ಲಮ್ಮ, ಇರೋವರೆಗೂ ಮಾಡಿಸ್ತಾನೇ ಇರಬೇಕು. ನಾನು ಹೇಗೆ ತಾರೀಖು ಬರೆದುಕೊಡ್ಲಿ?" ಎಂದು ಅವರು ಜಾರಿಕೊಂಡರು. ಇಳಿದು ಬಂದರೆ ಹುಡುಗಿ, "ಹಾಗಾದ್ರೆ ನೀವೇ ಹೇಳಿ" ಎಂದಳು. ಅವಳನ್ನು ಅಂದು ಏನು ಪ್ರಯೋಜನ. ಬೆಳಗಿನಿಂದ ಸಾಲಿನವರ ಬೈಗುಳವೇ ಅವಳಿಗೆ ತಿಂಡಿ.

ಇಪ್ಪತ್ತಾರು ವರ್ಷ ಜೊತೆಗೆ ಬಾಳಿದವನಿಗೆ ತಾರೀಖು ಗೊತ್ತು ಮಾಡುವುದು ಹೇಗೆ? ಅವಳು ಬೆಂಚಿನ ಕಡೆ ತಿರುಗಿದಳು.

ದರ್ಜಿಯೇ ಎದ್ದು, ಗೋಡೆ ಹಿಡಿದುಕೊಂಡು ಬಂದ. "ಯಾವ್ದಾದ್ರೂ ಒಂದು ಹಾಕು ತಾಯಿ. ಬಟ್ಟೆ ಹೊಲಿಯೋನು ನಾನು, ಹೇಳಿದ ತಾರೀಖಿಗೆ ಯಾವತ್ತು ಮುಗಿಸಿದೀನಿ? ಬೇಕಾದ್ರೆ ಇವಳನ್ನ ಕೇಳು, ಇವಳ ಮದುವೆ ಬಟ್ಟೆಗೇ ಇನ್ನೂ ಎರಡು ಗುಂಡಿ ಹಾಕೋದಿದೆ."

ಸಾಲಿನವರು ನಕ್ಕರು. ಹುಡುಗಿಯೂ ನಗುತ್ತಲೇ ಏನೋ ಒತ್ತಿದಳು, ಕಂಪ್ಯೂಟರು ಒಪ್ಪಿತು. ವಾರ್ಡಿನವನು ದರ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಳಗೆ ತಳ್ಳಿಕೊಂಡು ಹೋದ.

ಆಮೇಲೆ ಚೀಟಿ ಹೊರಬಂತು. ಮುಕ್ತಾಯ: ಮಾರ್ಚ್ ಮೂವತ್ತೊಂದು.

"ಅದಕ್ಕಿಂತ ಮುಂದಿಂದು ತಗೊಳ್ತಾ ಇಲ್ಲ" ಎಂದಳು ಹುಡುಗಿ. "ಆಮೇಲೇನು ಅಂತ ನಂಗೂ ಗೊತ್ತಿಲ್ಲಮ್ಮ."

ಇನ್ನು ಏಳು ತಿಂಗಳು. ಬಸ್ಸು, ಸಾಲು, ಡಾಕ್ಟರು ಹೇಳಿದಷ್ಟೇ ಅಳೆದು ಕೊಡುವ ನೀರು, ಇನ್ನರ್ಧ ಲೋಟಕ್ಕಾಗಿ ಅವನು ಮಗುವಿನಂತೆ ಹಠ ಮಾಡುವುದು, ಎಲ್ಲಕ್ಕೂ ಒಂದು ಕೊನೆ ಇದೆ ಎಂದು ಅಚ್ಚಾಗಿದ್ದನ್ನು ಓದಿದಾಗ ಅವಳ ಹೆಗಲು ತಾನಾಗಿಯೇ ಹಗುರಾಯಿತು. ತನಗೆ ನೆಮ್ಮದಿಯಾದದ್ದು ಯಾವುದಕ್ಕೆ ಎಂದು ಹೊಳೆದಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಒಳಗೆ ಮಿಷನ್ನು ತಿರುಗುತ್ತಿತ್ತು. ಅವಳು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ಯಾವ ತಾರೀಖು ಹಾಕಿದ್ಳು?" ದರ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಕನ್ನಡಕ ಮನೇಲೇ ಬಿಟ್ಟು ಬಂದೆ ರೀ. ಓದೋಕಾಗ್ಲಿಲ್ಲ."

ಅವನು ಕಣ್ಣು ತೆರೆದು, ಅವಳ ಮೂಗಿನ ಮೇಲಿದ್ದ ಕನ್ನಡಕವನ್ನು ನೋಡಿದ.

"ಹೋಗ್ಲಿ ಬಿಡು" ಎಂದು ಮತ್ತೆ ಕಣ್ಣು ಮುಚ್ಚಿಕೊಂಡ.