ಒಂದೇ ಓಣಿಯ ಇಬ್ಬರು ಉಮ್ ಸಬಾಹ್

ಹೆಣ್ಣಿಗೆ ಹೆತ್ತವರು ಇಟ್ಟ ಹೆಸರು ಬಾಗ್ದಾದಿನಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಚೊಚ್ಚಲ ಗಂಡುಮಗು ಹುಟ್ಟಿತೋ, ಆ ಹೆಸರು ಮೂಲೆ ಸೇರಿತು. ಮಗ ಸಬಾಹ್ ಆದರೆ ತಾಯಿ ಉಮ್ ಸಬಾಹ್, ಸಬಾಹ್‌ನ ಅಮ್ಮ; ಸಾಯುವ ತನಕ ಅಷ್ಟೇ. ನದಿಯ ಪಶ್ಚಿಮ ದಡದ ಕರ್ಖ್ ಕಡೆಯ ಆ ಇಕ್ಕಟ್ಟು ಓಣಿಯಲ್ಲಿ ಫಹೀಮಾಳ ಹೆಸರು ಹೀಗೆ ಕಳೆದುಹೋಗಿ ಹತ್ತೊಂಬತ್ತು ವರ್ಷವಾಗಿತ್ತು. ತೊಂದರೆ ಏನೆಂದರೆ, ಅವಳ ಸಬಾಹ್ ಹುಟ್ಟಿದ ವಾರವೇ ಹನ್ನೊಂದು ಬಾಗಿಲು ಆಚೆ ನಜಿಯಾಳಿಗೂ ಗಂಡು ಹುಟ್ಟಿತ್ತು. ಅವಳ ಗಂಡ ಹಾತಿಮ್ ಎಂಬ ಮಹಾನುಭಾವ ಯಾರನ್ನೂ ಒಂದು ಮಾತು ಕೇಳದೆ ಮಗುವಿಗೆ ಸಬಾಹ್ ಎಂದೇ ಬರೆಸಿ ಬಂದಿದ್ದ.

ಓಣಿಗೆ ಬಿಟ್ಟಿ ತಮಾಷೆ ಸಿಕ್ಕಿತು. ಫಹೀಮಾಳ ಗಂಡ ಮಿಜ್ಬಾನ್ ತೀರಿಕೊಂಡ ಮೇಲೆ ಅವಳು ಬಾಗಿಲ ಪಕ್ಕದಲ್ಲೇ ತಂದೂರಿ ಒಲೆ ಹೂಡಿ ರೊಟ್ಟಿ ಸುಟ್ಟು ಮಾರತೊಡಗಿದಳು; ಹಾಗಾಗಿ ಅವಳು ರೊಟ್ಟಿಯ ಉಮ್ ಸಬಾಹ್. ನಜಿಯಾ ಹೊಲಿಗೆಯ ಉಮ್ ಸಬಾಹ್. ಇದು ಓಣಿಯವರಿಗೆ ಗೊತ್ತು, ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಒಮ್ಮೆ ಫಹೀಮಾಳ ನಾದಿನಿಯನ್ನು ನೋಡಲು ಬಂದ ಗಂಡಿನ ಕಡೆಯವರು ನಜಿಯಾಳ ಮನೆಯಲ್ಲಿ ಕೂತು, ಎರಡೆರಡು ಸಲ ಚಹಾ ಕುಡಿದು, ಅವಳ ತಂಗಿಯನ್ನು ಒಪ್ಪಿಕೊಂಡು ಎದ್ದಿದ್ದರು. ಫಹೀಮಾ ಒಂದು ತಿಂಗಳು ಮಾತು ಬಿಟ್ಟಳು. ಆಮೇಲೆ ಇಬ್ಬರೂ ಅದನ್ನೇ ನೆನೆದು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

"ನಮ್ಮನೆಗೆ ಬಂದ ಗಂಡನ್ನ ಕದ್ದವಳು ಕಣೇ ನೀನು."

"ಕದಿಯೋದೇನು ಬಂತಕ್ಕ, ಅವನೇ ನಡ್ಕೊಂಡು ಬಂದ. ನಿನ್ನ ಚಹಾ ಕುಡಿದಿದ್ರೆ ಮದುವೇನೇ ಬೇಡ ಅಂತ ಓಡಿಹೋಗ್ತಿದ್ದ, ಪಾಪ!"

ಇರಾನ್ ಜೊತೆ ಯುದ್ಧ ಶುರುವಾದ ಮೇಲೆ ನಗು ಕಡಿಮೆಯಾಯಿತು. ಇಬ್ಬರು ಸಬಾಹ್‌ಗಳೂ ಒಂದೇ ತಿಂಗಳಲ್ಲಿ ಬೂಟು ತೊಟ್ಟು ಗಡಿಗೆ ಹೋದರು. ಆ ವರ್ಷಗಳಲ್ಲಿ ನಮ್ಮ ಹೆಂಗಸರು ವಿಮಾನಕ್ಕೆ ಹೆದರುತ್ತಿರಲಿಲ್ಲ, ಟ್ಯಾಕ್ಸಿಗೆ ಹೆದರುತ್ತಿದ್ದರು. ಬಾವುಟ ಹೊದಿಸಿದ ಶವಪೆಟ್ಟಿಗೆಯನ್ನು ನೆತ್ತಿಗೆ ಕಟ್ಟಿಕೊಂಡ ಟ್ಯಾಕ್ಸಿ ಕಂಡರೆ ಬಾಗಿಲಲ್ಲಿದ್ದ ಪ್ರತಿ ತಾಯಿಯೂ ಮನಸ್ಸಿನಲ್ಲೇ 'ಮುಂದೆ ಹೋಗು, ಮುಂದೆ ಹೋಗು' ಎನ್ನುತ್ತಿದ್ದಳು. ಮುಂದೆ ಇರುವುದು ಇನ್ನೊಬ್ಬ ತಾಯಿಯ ಮನೆ ಎಂದು ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದೇ ಹೇಳುತ್ತಿದ್ದರು. ನಾವು ಅಂಥ ಒಳ್ಳೆಯ ಜನರೇನಲ್ಲ.

ಎಂಬತ್ತೆರಡನೆಯ ಇಸವಿ, ಚಳಿಗಾಲಕ್ಕೆ ಮುಂಚಿನ ಒಂದು ಬೆಳಿಗ್ಗೆ ಅಂಥ ಟ್ಯಾಕ್ಸಿ ಈ ಓಣಿಯ ಬಾಯಿಗೂ ಬಂದು ನಿಂತಿತು. ಸೇನೆಯ ಕಾಗದದಲ್ಲಿ ಪೂರ್ತಿ ಹೆಸರು ಇದ್ದೇ ಇರುತ್ತದೆ. ಆದರೆ ಕಾಗದದ ಹೆಸರು ಹಿಡಿದು ಕೇಳಿದರೆ ಓಣಿಯಲ್ಲಿ ಯಾರಿಗೂ ಮನೆ ಗೊತ್ತಾಗುವುದಿಲ್ಲ ಎಂಬುದು ಆ ನಡುವಯಸ್ಸಿನ ಚಾಲಕನಿಗೆ ಅನುಭವದಿಂದ ತಿಳಿದಿತ್ತು. ಅವನು ಒಬ್ಬ ಸೈನಿಕನ ಜೊತೆ ಇಳಿದು ಬಂದು, ಒಲೆಯ ಮುಂದೆ ಹಿಟ್ಟು ತಟ್ಟುತ್ತಿದ್ದ ಫಹೀಮಾಳನ್ನು ತಲೆ ತಗ್ಗಿಸಿ ಕೇಳಿದ.

"ಅವ್ವಾ, ಉಮ್ ಸಬಾಹ್ ಮನೆ ಯಾವುದು?"

ಅವಳು ಕೇಳಬೇಕಾಗಿದ್ದುದು ಒಂದೇ ಮಾತು: ಯಾವ ಸಬಾಹ್, ಅವನ ತಂದೆಯ ಹೆಸರೇನು? ಆ ಮಾತು ಬಾಯಿಂದ ಹೊರಡಲಿಲ್ಲ. ಕೇಳದಿದ್ದರೆ ಉತ್ತರವೂ ಇರುವುದಿಲ್ಲವಲ್ಲ. ಹಿಟ್ಟು ಮೆತ್ತಿದ ಕೈ ತಾನಾಗಿ ಎದ್ದಿತು.

"ಅಗೋ, ಆ ನೀಲಿ ಬಾಗಿಲು. ಹೊಲಿಗೆ ಮಿಷನ್ ಸದ್ದು ಕೇಳ್ತಿದೆಯಲ್ಲ, ಅದೇ."

"ದೇವರು ನಿಮ್ಮ ಮಕ್ಕಳನ್ನ ಚೆನ್ನಾಗಿಟ್ಟಿರ್ಲಿ ಅವ್ವಾ" ಎಂದು ಅವನು ಹಿಂತಿರುಗಿದ.

ಓಣಿಯೊಳಗೆ ಟ್ಯಾಕ್ಸಿ ಹಿಡಿಸುವುದಿಲ್ಲ. ಚಹಾದಂಗಡಿಯಲ್ಲಿ ಕೂತಿದ್ದ ಇಬ್ಬರು ಎದ್ದುಬಂದು ಹೆಗಲು ಕೊಟ್ಟರು. ಪೆಟ್ಟಿಗೆ ಫಹೀಮಾಳ ಬಾಗಿಲ ಮುಂದೆಯೇ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಹಾದುಹೋಯಿತು. ಅವಳು ಮುಖವನ್ನು ಬೆಂಕಿಯ ಕಡೆ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಮಿಷನ್ ಸದ್ದು ನಿಂತಿತು, ಆಮೇಲೆ ನಜಿಯಾಳ ಚೀರಾಟ ಕೇಳಿಸಿತು.

ಫಹೀಮಾಳಿಗೆ ಸಂತೋಷವಾಯಿತು. ಬೇರೆ ಹೆಸರು ಕೊಡುವುದು ಬೇಡ, ಸಂತೋಷವೇ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಆ ಸಾವಿರ ವರ್ಷವೂ ತನ್ನ ಮಗನಿಗೇ ಬಂದಂತೆ ಅವಳ ಮೈ ಹಗುರಾಯಿತು. ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅವಳು ಬೆಳಗಿನಿಂದ ಸುಟ್ಟ ರೊಟ್ಟಿಯನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ, ಮೈಮೇಲೆ ಕಪ್ಪು ಹೊದ್ದು ನಜಿಯಾಳ ಮನೆಗೆ ನಡೆದಳು.

ಅಂಗಳದಲ್ಲಿ ನಜಿಯಾ ಪೆಟ್ಟಿಗೆಯ ಮೇಲೆ ಬಿದ್ದುಕೊಂಡಿದ್ದಳು. ಮೊಳೆ ಹೊಡೆದ ಮುಚ್ಚಳವನ್ನು ಉಗುರಿನಿಂದ ಗೀರುತ್ತಾ, "ನನ್ನ ಬಂಗಾರಾ, ಈ ಹಲಗೆ ಮೇಲೆ ಮಲಗೋಕಾ ನಿನ್ನ ಹೆತ್ತೆ" ಎಂದು ಕೂಗುತ್ತಿದ್ದಳು. ಫಹೀಮಾ ಪಕ್ಕದಲ್ಲಿ ಕುಸಿದು ಕೂತು ಅವಳನ್ನು ತಬ್ಬಿಕೊಂಡಳು. ಅವಳೂ ಅತ್ತಳು. ಸುಳ್ಳು ಅಳುವಲ್ಲ, ಆ ಹುಡುಗನಿಗೂ ಬಿಸಿ ರೊಟ್ಟಿ ತಿನ್ನಿಸಿ ಬೆಳೆಸಿದ ಕೈ ಅದು.

ಅರ್ಧ ಗಂಟೆಯಲ್ಲಿ ತನ್ನ ಅಂಗಡಿಯಿಂದ ಹಾತಿಮ್ ಓಡಿಬಂದ. ಸೈನಿಕ ಸಹಿಗಾಗಿ ಕಾಗದ ಬಿಡಿಸಿ ಗಟ್ಟಿಯಾಗಿ ಓದಿದ.

"ಸಬಾಹ್, ತಂದೆ ಮಿಜ್ಬಾನ್. ವಯಸ್ಸು ಹತ್ತೊಂಬತ್ತು."

"ನಾನು ಹಾತಿಮ್" ಎಂದ ಹಾತಿಮ್.

"ಇಲ್ಲಿ ಮಿಜ್ಬಾನ್ ಅಂತಿದೆ, ಚಿಕ್ಕಪ್ಪಾ. ಉಮ್ ಸಬಾಹ್ ಮನೆ ಇದೇ ಅಲ್ವಾ?"

ನಜಿಯಾ ಪೆಟ್ಟಿಗೆಯಿಂದ ತಲೆ ಎತ್ತಿದಳು. ಕಣ್ಣೀರು ಇಳಿಯುತ್ತಿದ್ದ ಆ ಮುಖದಲ್ಲಿ ದೀಪ ಹಚ್ಚಿದಂತೆ ಒಂದು ಬೆಳಕು ಬಂತು. ಅವಳು ತಕ್ಷಣ ತಲೆವಸ್ತ್ರದಿಂದ ಮುಖ ಮುಚ್ಚಿಕೊಂಡಳು, ಆದರೆ ಫಹೀಮಾ ನೋಡಿಬಿಟ್ಟಿದ್ದಳು. ಅದು ಯಾವ ಬೆಳಕು ಎಂದು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಅದು ಅವಳದೇ ಮುಖದಲ್ಲಿತ್ತು.

"ಅಕ್ಕಾ, ನನ್ನ ಕ್ಷಮಿಸಕ್ಕಾ" ಎಂದು ನಜಿಯಾ ಅವಳ ಕಾಲು ಹಿಡಿದಳು.

ಫಹೀಮಾ ಅಳಲಿಲ್ಲ. ಅವಳ ಪಾಲಿನ ಅಳುವನ್ನು ಅವಳು ಇನ್ನೊಬ್ಬರ ಮಗನಿಗೆಂದು ಆಗಲೇ ಅತ್ತು ಮುಗಿಸಿದ್ದಳು. ಬಾವುಟದ ಅಂಚನ್ನು ಸವರುತ್ತಾ ಮೆಲ್ಲಗೆ ಹೇಳಿದಳು.

"ನಿನ್ನದೇನೇ ತಪ್ಪು? ಮೊದಲು ನನ್ನ ಬಾಗಿಲಿಗೇ ಬಂದಿದ್ದ ಕಣೇ. ಇಷ್ಟು ಹತ್ತಿರ ಬಂದಿದ್ದ. ನಾನು ಮುಖ ಕೂಡ ತಿರುಗಿಸಿ ನೋಡ್ಲಿಲ್ಲ. ನಾನೇ ಕೈ ತೋರಿಸಿ ಮುಂದಕ್ಕೆ ಕಳಿಸಿದೆ."

ನಜಿಯಾಳಿಗೆ ಎಲ್ಲವೂ ಅರ್ಥವಾಯಿತು. ಅವಳು ಹಿಡಿದ ಕಾಲು ಬಿಡಲಿಲ್ಲ.

"ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ, ಅಕ್ಕಾ."

"ಗೊತ್ತು" ಎಂದಳು ಫಹೀಮಾ. "ಆದ್ರೆ ಮಾಡಿದ್ದು ನಾನು."