ಲಾಳಿ ಮುಟ್ಟಿ ಮಾಡಿದ ಆಣೆ

ನಾನೊಂದು ಲಾಳಿ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ನೂಲುಗಳ ನಡುವೆ ಎಡಕ್ಕೂ ಬಲಕ್ಕೂ ಓಡುತ್ತ, ಹೊಟ್ಟೆಯೊಳಗೆ ನೂಲು ಸುತ್ತಿಟ್ಟ ಕಂಡಿಕೆಯಿಂದ ಎಳೆ ಬಿಡುತ್ತ ಸೀರೆ ಹುಟ್ಟಿಸುವುದು ನನ್ನ ಕೆಲಸ. ಒಂದು ಕಡೆ ಕೂತು ಗೊತ್ತಿಲ್ಲದ ಜೀವ ನನ್ನದು. ಈಗ ಕೂತಿದ್ದೇನೆ, ಅದಕ್ಕೇ ಇಷ್ಟು ಮಾತು.

ಇಳಕಲ್ಲಿನ ಬಡಿಗೇರ ಮೌನೇಶಪ್ಪ ಬೀಟೆಮರದ ತುಂಡೊಂದನ್ನು ಕೆತ್ತಿ, ಉಜ್ಜಿ, ಎರಡೂ ತುದಿಗೆ ಕಬ್ಬಿಣದ ಮೂತಿ ಕೂರಿಸಿ ನನ್ನನ್ನು ಮಾಡಿದ. ನೇಕಾರ ಓಣಿಯ ಚನಬಸಪ್ಪ ಕೊಂಡುಹೋದ. ಅವನ ಕೈ ಒರಟು, ಬಾಯಿ ಇನ್ನೂ ಒರಟು. ಆದರೂ ನನಗೆ ಎಣ್ಣೆ ಸವರುವುದನ್ನು ತಪ್ಪಿಸಿದವನಲ್ಲ. ಅವನು ತೀರಿಕೊಂಡ ಮೇಲೆ ಮಗ ದ್ಯಾಮಣ್ಣನ ಕೈಗೆ ಬಂದೆ.

ದ್ಯಾಮಣ್ಣನ ಕೈ ಬೆಣ್ಣೆಯಂಥದ್ದು. ನಮ್ಮ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು, ಇಲ್ಲದಿದ್ದರೆ ಸೆರಗು ಕಿತ್ತು ಬರುತ್ತದೆ. ಅವನ ಕೊಂಡಿ ತಪ್ಪಿದ್ದನ್ನು ನಾನು ಕಂಡಿಲ್ಲ. ಹೆಂಡತಿ ಗುರವ್ವ ಪಕ್ಕದಲ್ಲೇ ಕೂತು ಕಂಡಿಕೆ ಸುತ್ತುತ್ತಿದ್ದಳು.

ಬರಬರುತ್ತ, ಮಗ್ಗ ನಿಂತಾಗಲೆಲ್ಲ ಅವನಿಗೆ ಮಾತು ಕೇಳಿಸತೊಡಗಿತು. ಗೋಡೆಯ ಹಿಂದೆ ಯಾರೋ ನಿಂತು, ನೀನು ಬದುಕಿದ್ದು ದಂಡ ಅನ್ನುತ್ತಾರಂತೆ. ಗೋಡೆಯ ಹಿಂದೆ ಇದ್ದದ್ದು ಎಮ್ಮೆ ಒಂದೇ. ನನ್ನ ಖಟಖಟ ಇರುವತನಕ ಆ ದನಿಗಳು ತೆಪ್ಪಗಿರುತ್ತಿದ್ದವು. ಅದಕ್ಕಾಗಿ ಊಟ ಬಿಟ್ಟು ನೇಯ್ದ. ಎಷ್ಟಂತ ನೇಯ್ದಾನು, ಪಾಪ! ಮಗ್ಗ ಬಿಟ್ಟು ಎದ್ದಾಗ ಸಾರಾಯಿ ಹಿಡಿದ. ಮೊದಮೊದಲು ಸಾರಾಯಿ ದನಿಗಳ ಬಾಯಿ ಮುಚ್ಚಿಸಿತು, ಆಮೇಲೆ ಅದೇ ಅವುಗಳ ಗಂಟಲು ಏರಿಸಿತು.

ಗುರವ್ವ ಅವನನ್ನು ಕರೆದುಕೊಂಡು ಅಲೆದಳು. ಕುಡಿತ ಬಿಡಿಸುವವರು, ಇವನಿಗೆ ತಲೆ ಕೆಟ್ಟಿದೆ, ಮೊದಲು ಅದನ್ನು ತೋರಿಸು ಅಂದರು. ತಲೆಯ ಡಾಕ್ಟರು, ಮೊದಲು ಕುಡಿತ ಬಿಡಿಸಿಕೊಂಡು ಬಾ ಅಂದರು. ಅತ್ತಿಂದಿತ್ತ ಓಡುವುದು ನನ್ನ ಹಣೆಬರಹ, ಸರಿ. ನಾನು ಓಡಿದರೆ ಸೀರೆಯಾದರೂ ಆಗುತ್ತದೆ. ಅವಳಿಗೇನು ಸಿಕ್ಕಿತು?

ಕೊನೆಗೆ ಬಾಗಲಕೋಟೆಯಲ್ಲಿ ಒಬ್ಬ ಡಾಕ್ಟರಮ್ಮ ಸಿಕ್ಕರು. ಎರಡೂ ಕೂಡಿಕೊಂಡೇ ಬಂದಿವೆ, ಕೂಡಿಸಿಯೇ ನೋಡಬೇಕು ಅಂದರಂತೆ. ಒಡಲು ಸೆರಗು ಇದ್ದಂಗ ಅಂತ ಗುರವ್ವ ತಾನೇ ಅರ್ಥ ಮಾಡಿಕೊಂಡಳು. ಗುಳಿಗೆ ಶುರುವಾಯಿತು, ಕೂರಿಸಿಕೊಂಡು ಮಾತಾಡಿಸುವುದೂ ಶುರುವಾಯಿತು. ಸಾರಾಯಿ ನಿಂತಿತು. ಗುಳಿಗೆಯ ಮಂಪರಿಗೆ ಮಗ್ಗದ ಮೇಲೆ ಅವನು ತೂಕಡಿಸುತ್ತಿದ್ದ, ನನ್ನ ಓಟವೂ ನಿಧಾನವಾಯಿತು, ಆಗಲಿ ಬಿಡಿ. ಒಂದು ಬೆಳಗ್ಗೆ ಅವನು ನನ್ನನ್ನು ಕೆಳಗಿಟ್ಟು ಹೇಳಿದ:

"ಗುರವ್ವ, ಇವತ್ತ ಗ್ವಾಡಿ ಸುಮ್ಮನೈತಿ ನೋಡ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಆದರೂ ಸಾರಾಯಿ ಅಂಗಡಿ ದಾಟುವಾಗಲೆಲ್ಲ ಅವಳು ಅವನ ತೋಳು ಹಿಡಿದುಕೊಳ್ಳುತ್ತಿದ್ದಳು. ನಮ್ಮ ಓಣಿಯಲ್ಲಿ ಲಾಳಿ ಮುಟ್ಟಿ ಆಣೆ ಮಾಡಿದವನು ಮಾತು ಮುರಿಯುವುದಿಲ್ಲ. ಅವಳೇ ಓಣಿಯ ಹಿರಿಯ ಸಂಗಪ್ಪ ಕಾಕಾನನ್ನು ಕರೆತಂದಳು. ಕಾಕಾ ಹೇಳಿಕೊಟ್ಟ, ದ್ಯಾಮಣ್ಣ ನನ್ನ ಮೇಲೆ ಕೈಯಿಟ್ಟು ಅಂದ: "ನಶಾ ಅನ್ನೂದನ್ನ ಇನ್ನ ಬಾಯಾಗ ಹಾಕಂಗಿಲ್ಲ."

ಮರುದಿನ ಗುಳಿಗೆ ಕೊಟ್ಟರೆ ಬಾಯಿ ತೆರೆಯಲಿಲ್ಲ.

"ಇದನ್ನ ತಗೊಂಡ್ರ ಕಣ್ಣು ಎಳೀತಾವ, ತಲಿ ತೂಗತೈತಿ. ಇದೂ ನಶಾನ ಅಲ್ಲೇನು? ನಾ ಲಾಳಿ ಮುಟ್ಟೇನಿ."

ಕಾಕಾನನ್ನು ಕೇಳಿದರೆ, ಅದೂ ಖರೇನ ಅಂದ. ಆಣೆ ಮಾಡಿಸಿದವಳು ತಾನೇ. ಮುರಿ ಅಂತ ಯಾವ ಬಾಯಿಂದ ಅಂದಾಳು? ನನಗೆ ಬಾಯಿದ್ದಿದ್ದರೆ ಕೂಗಿಬಿಡುತ್ತಿದ್ದೆ. ತಮ್ಮಾ, ನನ್ನ ಮೇಲಿನ ಆಣೆ ನನಗೇ ಇರಲಿ, ನೀನು ಗುಳಿಗೆ ನುಂಗು!

ದನಿಗಳು ಮತ್ತೆ ಬಂದವು. ಅವನು ಸಾರಾಯಿಯ ಒಂದು ಹನಿಯನ್ನೂ ಮುಟ್ಟಲಿಲ್ಲ. ಬೆರಳು ಒಡೆಯುವವರೆಗೆ ನೇಯ್ದ, ನನ್ನ ಮೈಗೆಲ್ಲ ಅವನ ರಕ್ತ ಹತ್ತಿತು. ಮಗ್ಗದ ಮೇಲಿದ್ದ ಸೀರೆಯ ಒಡಲು ಮುಗಿದಿತ್ತು, ಸೆರಗಿಗೆ ಕೊಂಡಿ ಹಾಕುವುದು ಉಳಿದಿತ್ತು. ನನ್ನನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಎದ್ದುಹೋದ. ಸಂಜೆ ಅವನನ್ನು ಬಾವಿಯಿಂದ ಎತ್ತಿ ತಂದರು. ಬಾಯಲ್ಲಿ ಸಾರಾಯಿಯ ವಾಸನೆ ಇರಲಿಲ್ಲ, ಕೊಟ್ಟ ಮಾತಿಗೆ ನಿಂತ ಅಂತ ಓಣಿಯೆಲ್ಲ ಹೊಗಳಿತು.

ಗುರವ್ವ ನನ್ನನ್ನು ಗೋಡೆಯ ಗೂಡಿನಲ್ಲಿಟ್ಟಳು. ಮಗ್ಗದ ಗುಣಿಗೆ ಮತ್ತೆ ಯಾರೂ ಇಳಿಯಲಿಲ್ಲ. ಮೊನ್ನೆ ಸಂಗಪ್ಪ ಕಾಕಾ ಆಚೆಮನೆಯ ಪರುತವ್ವನನ್ನೂ ಅವಳ ಗಂಡನನ್ನೂ ಕರೆದುಕೊಂಡು ಬಂದ. ಆ ಗಂಡನಿಗೂ ಕುಡಿತ, ಅವನಿಗೂ ದನಿಗಳು. ದ್ಯಾಮಣ್ಣನನ್ನು ಮಾತಿಗೆ ನಿಲ್ಲಿಸಿದ ಲಾಳಿ, ಇವನನ್ನೂ ನಿಲ್ಲಿಸಲಿ ಅಂದ ಕಾಕಾ. ಗುರವ್ವ ನನ್ನನ್ನು ಎದೆಗವಚಿಕೊಂಡಳು.

"ಕಾಕಾ, ಈ ಲಾಳಿ ಒಬ್ಬನ್ನ ತಿಂದೈತಿ. ಇನ್ನ ಇದರ ಮ್ಯಾಲೆ ಯಾರೂ ಕೈ ಇಡಂಗಿಲ್ಲ." ಆಮೇಲೆ ಪರುತವ್ವನ ಕಡೆ ತಿರುಗಿದಳು. "ಗುಳಿಗಿ ನಶಾ ಅಲ್ಲವ್ವ. ನಾಳೆ ಡಾಕ್ಟರಮ್ಮನ ಕಡೆ ನಾನೂ ಬರ್ತೀನಿ ನಡಿ."

ತಿಂದೈತಿ ಅಂದದ್ದು ನನಗೆ ನಾಟಿತು. ಆದರೆ ಅಲ್ಲ ಅನ್ನಲು ನನಗೆ ಯಾವ ಮುಖವಿದೆ? ಅವರು ಹೋದ ಮೇಲೆ ಅವಳು ನನ್ನನ್ನು ತಿರುಗಿ ಗೂಡಿನಲ್ಲಿಟ್ಟಳು. ಕಂಡಿಕೆ ಕೂರುತ್ತಿದ್ದ ನನ್ನ ಹೊಟ್ಟೆಯಲ್ಲಿ ಈಗ ದ್ಯಾಮಣ್ಣ ನುಂಗದೆ ಬಿಟ್ಟ ಗುಳಿಗೆಗಳಿವೆ. ಅವಳೇ ಇಟ್ಟದ್ದು. ಓಡುವ ಕೆಲಸವಿಲ್ಲ, ಅವನ್ನು ಹೊತ್ತುಕೊಂಡು ಕೂತಿದ್ದೇನೆ.