ನೋಣಯ್ಯ ಪೊಲೀಸನ ಕಣ್ಣು

ಪಿಂಚಣಿ ಕಚೇರಿಯ ಪ್ರಣೀತಾ, ಬೋಳಾರದಲ್ಲಿದ್ದ ದೇಯಿಯ ಮನೆಗೆ ಹೋದದ್ದು ಪಿಂಚಣಿ ಮಂಜೂರು ಮಾಡುವ ಮನಸ್ಸಿನಿಂದಲೇ. ಅರ್ಜಿ ಹಾಕಿದ ದೇಯಿಗೆ ಎಂಬತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಬೀಡಿ ಕಟ್ಟಿ ಕಟ್ಟಿ ಸೋತ ಬೆರಳುಗಳು ಈಗ ಮಡಚುತ್ತಲೂ ಇರಲಿಲ್ಲ.

ಅವಳ ಅಪ್ಪ ನೋಣಯ್ಯ ಬ್ರಿಟಿಷರ ಕಾಲದ ಪೊಲೀಸ್. ನಲವತ್ತೆರಡರ ಚಳವಳಿಯಲ್ಲಿ, ಬಂದರಿನಲ್ಲಿ ಜನ ಎಸೆದ ಕಲ್ಲು ತಾಗಿ ಕಣ್ಣು ಕಳೆದುಕೊಂಡವನು. ಕರ್ತವ್ಯದಲ್ಲಿ ಗಾಯಗೊಂಡವನೆಂದು ಸರಕಾರ ಕೊಟ್ಟ ಪಿಂಚಣಿ ಅವನ ನಂತರ ಹೆಂಡತಿಗೆ ಬರುತ್ತಿತ್ತು. ನೂರರ ಹತ್ತಿರ ಬದುಕಿ ಆಕೆಯೂ ತೀರಿಕೊಂಡ ಮೇಲೆ, ಅದನ್ನು ಮಗಳಿಗೆ ಮುಂದುವರಿಸಬಹುದೇ ಎಂದು ನಿರ್ಧರಿಸಬೇಕಾದವಳು ಪ್ರಣೀತಾ.

“ಅಜ್ಜಿ, ಒಂದೇ ಪ್ರಶ್ನೆ. ಗಾಯ ಆದದ್ದು ಕಲ್ಲಿನಿಂದ ಅಲ್ವಾ?”

“ಅಲ್ಲ,” ಎಂದಳು ದೇಯಿ. “ಸಾರ್ಜೆಂಟ್ ಹೊಡೆದದ್ದು. ಜನರಿಗೆ ಹೊಡಿ ಅಂತ ಹೇಳಿದ. ಅಪ್ಪ ಲಾಠಿ ಕೆಳಗೆ ಹಾಕಿದರು. ಅದೇ ಲಾಠಿ ಎತ್ತಿ ಮುಖಕ್ಕೆ ಬಾರಿಸಿದ. ಆಮೇಲೆ ಕಲ್ಲು ಅಂತ ಬರೆದದ್ದೂ ಅವನೇ.”

“ಅಪ್ಪ ಯಾಕೆ ಹೇಳಲಿಲ್ಲ?”

“ಹೇಳಿದರೆ ಡಿಸ್ಮಿಸ್. ಕಣ್ಣಿಲ್ಲದವರಿಗೆ ಮತ್ತೆ ಎಂತ ಉಂಟು? ಮನೆಯವರಿಗೆ ಬಿಟ್ಟು ಯಾರಿಗೂ ಹೇಳದೆ ಬಾಯಿ ಮುಚ್ಚಿ ಕೂತರು. ನಮ್ಮವರಿಗೇ ಹೊಡೆಯಲು ಹೋದವ, ದೇವರೇ ನೋಡಿಕೊಂಡ ಅಂತ ಊರೆಲ್ಲ ಹೇಳಿತು. ನನಗೆ ಬಂದ ಸಂಬಂಧಗಳೂ ಅದೇ ಮಾತಿಗೆ ಮುರಿದವು.”

ಚಾ ತಂದ ನೆರೆಮನೆಯ ಕುಶಲಾ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಪ್ರಣೀತಾ ದನಿ ತಗ್ಗಿಸಿದಳು. “ಆಜ್ಞೆ ಮೀರಿದವರಿಗೆ ಈ ಪಿಂಚಣಿ ಇಲ್ಲ ಅಜ್ಜಿ. ನೀವು ಹೇಳಿದ್ದು ನನಗೆ ಕೇಳಲೇ ಇಲ್ಲ ಅಂತ ಇಟ್ಟುಕೊಳ್ಳುವ. ಕಲ್ಲು ಅಂತಲೇ ಬರೆಯುತ್ತೇನೆ.”

“ಬೇಡ ಮಗಾ. ಅಮ್ಮ ಇರುವವರೆಗೆ ನಾನೂ ಕಲ್ಲು ಅಂತಲೇ ಹೇಳಿದೆ. ಅಮ್ಮನಿಗೆ ಗಂಜಿ ಆಗಬೇಕಿತ್ತು.”

“ನಿಮಗೆ ಬೇಡವಾ?”

“ಬೇಕು. ಆದರೆ ಕಲ್ಲಿಗೆ ನಾನು ಹೆಬ್ಬೆಟ್ಟು ಒತ್ತುವುದಿಲ್ಲ.”

ಪ್ರಣೀತಾ ಕಡತವನ್ನು ಬಹಳ ದಿನ ಮುಟ್ಟಲಿಲ್ಲ. ನಿಜವನ್ನೇ ಬರೆದು ಮಂಜೂರು ಮಾಡಬಹುದೇ ಎಂದು ಮೇಲಧಿಕಾರಿಯನ್ನು ಕೇಳಿದಳು. “ಸಾಕ್ಷಿ ಎಲ್ಲಿ ಉಂಟು? ಇದ್ದರೂ ಅದು ಅವರ ವಿರುದ್ಧವೇ ತಿರುಗುತ್ತದೆ,” ಎಂದರು ಅವರು. ಕೊನೆಗೆ ಆದೇಶವನ್ನು ತಾನೇ ಬರೆದು, ತಾನೇ ಸಹಿ ಹಾಕಿದಳು. ಅಂಚೆಗೆ ಹಾಕಲು ಮನಸ್ಸು ಬಾರದೆ ತಾನೇ ಒಯ್ದಳು.

ದೇಯಿ ಓದಿಸಿದಳು. ಮೃತ ನೋಣಯ್ಯ ಜನರ ಮೇಲೆ ಲಾಠಿ ಬೀಸಲು ಒಪ್ಪದೆ ತನ್ನ ಮೇಲಧಿಕಾರಿಯಿಂದಲೇ ಏಟು ತಿಂದನೆಂದು ಮಗಳು ಹೇಳಿರುತ್ತಾಳೆ. ಆದ್ದರಿಂದ ಅರ್ಜಿ ತಿರಸ್ಕೃತ.

“ಇನ್ನೊಮ್ಮೆ ಓದು. ಕುಶಲಾ ಕೇಳಲಿ.”

ಪ್ರಣೀತಾ ಮತ್ತೆ ಓದಿದಳು. ಕುಶಲಾ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದಳು.

ಮಳೆ ಜಡಿಯುವ ಆಟಿ ತಿಂಗಳಲ್ಲಿ ದೇಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿದರೆಂದು ಕುಶಲಾ ಫೋನಿನಲ್ಲಿ ತಿಳಿಸಿದಳು. ಪ್ರಣೀತಾ ನೋಡಲು ಹೋದಳು. ಗೋಡೆ ಬದಿಯ ಮಂಚದಲ್ಲಿ ದೇಯಿ ತೀರಾ ಇಳಿದುಹೋಗಿದ್ದಳು. ಪಕ್ಕದ ಮಂಚದ ಮುದುಕಿಯನ್ನು ಕರೆದು, “ನನ್ನಪ್ಪ ಹೊಡೆಯಲಿಲ್ಲ ಅಂತ ಸರಕಾರದಲ್ಲಿ ಬರೆದದ್ದು ಇವರೇ,” ಎಂದಳು.

ತಂದ ಹಣ್ಣನ್ನು ಮಂಚದ ಮೇಲಿಟ್ಟ ಪ್ರಣೀತಾಳಿಗೆ ಅಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ.